ಎರಡು ಪ್ಲಗ್, ನಾಲ್ಕು ರಿಲೇ, ಒಂದು ಸಂಪ್ ಮೋಟರ್: ಮನೆಯನ್ನು ಕ್ಲೌಡ್‌ನಿಂದ ಬಿಡಿಸಿದ ಲಾಗ್

ಶಿವಮೊಗ್ಗ ಜಿಲ್ಲೆಯ ಮನೆ. ಜೂನ್ ಮಳೆಗೆ ಕೊಂಬೆ ಮುರಿದು ಬಿದ್ದು ಫೈಬರ್ ತುಂಡಾಯಿತು, ನಾಲ್ಕು ದಿನ ಇಂಟರ್ನೆಟ್ ಇಲ್ಲ. ಕರೆಂಟ್ ಇತ್ತು, ರೂಟರ್ ಉರಿಯುತ್ತಿತ್ತು, ವೈಫೈಯೂ ಸಿಗುತ್ತಿತ್ತು. ಆದರೂ ಬಚ್ಚಲಿನ ಗೀಸರ್ ಪ್ಲಗ್ ಆ್ಯಪ್‌ನಲ್ಲಿ ‘ಆಫ್‌ಲೈನ್’. ಫೋನಿನ ಆಜ್ಞೆ ಇಂಟರ್ನೆಟ್‌ನಲ್ಲಿರುವ ಕಂಪನಿಯ ಸರ್ವರ್ (ಕ್ಲೌಡ್) ಸುತ್ತಿಯೇ ಪ್ಲಗ್‌ಗೆ ಬರುತ್ತಿತ್ತು. ಅದರ ಬಟನ್ ಇರುವುದು ಏಳಡಿ ಎತ್ತರದಲ್ಲಿ, ದಿನಾ ಬೆಳಿಗ್ಗೆ ಸ್ಟೂಲ್ ಹತ್ತಬೇಕು. ಎತ್ತು ನಮ್ಮದು, ಮೂಗುದಾರ ಇನ್ಯಾರದೋ ಕೈಯಲ್ಲಿ. ಅದನ್ನು ಬಿಡಿಸಿಕೊಂಡ ಕೆಲಸದ ದಾಖಲೆ ಇದು. ಹಂತಗಳು ನಡೆದ ಕ್ರಮದಲ್ಲೇ ಇವೆ, ಕೆಟ್ಟದ್ದೂ ಸೇರಿ.

ಕೆಲಸ ಶುರು ಮಾಡುವ ಮುಂಚೆಯೇ ಮೂರು ಪರೀಕ್ಷೆ ಬರೆದಿಟ್ಟದ್ದು ಒಳ್ಳೆಯದಾಯಿತು. ಒಂದು, ಇಂಟರ್ನೆಟ್ ಕೇಬಲ್ ಕಿತ್ತರೂ ಫೋನಿನಿಂದ ಎಲ್ಲ ನಡೆಯಬೇಕು. ಎರಡು, ಮನೆಯ ಸರ್ವರ್ ಆಫ್ ಮಾಡಿದರೂ ಟೈಮರ್‌ಗಳು ನಡೆಯಬೇಕು. ಮೂರು, ವೈಫೈ ಪೂರ್ತಿ ಸತ್ತರೂ ಕೈಯಿಂದ ಸ್ವಿಚ್ ಒತ್ತಿದರೆ ದೀಪ ಹತ್ತಬೇಕು, ನೀರು ಏರಬೇಕು. ಮೂರನ್ನೂ ದಾಟದ ವಸ್ತು ಗೋಡೆಯ ಮೇಲೆ ಉಳಿಯಬಾರದು.

ಹಂತ 1: ಎಣಿಕೆ ಮತ್ತು ಸಾಮಾನು

ಮನೆಯಲ್ಲಿ ಇದ್ದದ್ದು: 16 ಆಂಪಿಯರ್ ಸ್ಮಾರ್ಟ್ ಪ್ಲಗ್ 2 (ಗೀಸರ್, ವಾಷಿಂಗ್ ಮೆಷಿನ್), 10 ಆಂಪಿಯರ್ ಸೋನಾಫ್ ಬೇಸಿಕ್ ಆರ್2 ರಿಲೇ, ಅಂದರೆ ವೈಫೈ ಸ್ವಿಚ್, 4 (ಜಗಲಿ, ಅಂಗಳ, ಕೊಟ್ಟಿಗೆ ದೀಪ, ಸಂಪ್ ಮೋಟರ್), ಬಾಗಿಲ ಕ್ಯಾಮೆರಾ 1.

ಹೊಸದಾಗಿ ತಂದದ್ದು: ಹಳೆಯ ಥಿನ್ ಕ್ಲೈಂಟ್ ಕಂಪ್ಯೂಟರ್ (ಚಿಕ್ಕ ಪಿಸಿ, ಇದೇ ಮನೆಯ ಸರ್ವರ್), 8 ಜಿಬಿ ರ‍್ಯಾಮ್, 128 ಜಿಬಿ ಎಸ್‌ಎಸ್‌ಡಿ, ₹6,500. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಮುಕ್ತ ಸಾಫ್ಟ್‌ವೇರ್) ಹಾಕಬಹುದಾದ ಸೆಕೆಂಡ್ ಹ್ಯಾಂಡ್ ರೂಟರ್ ₹1,400. ಲ್ಯಾಪ್‌ಟಾಪ್‌ನಿಂದ ಚಿಪ್‌ಗೆ ಬರೆಯಲು ಸಿಪಿ2102 ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ₹180. ಎಎಂಎಸ್1117 3.3 ವೋಲ್ಟ್ ಮಾಡ್ಯೂಲ್ ₹40. ಜಂಪರ್ ವೈರ್, ಹೆಡರ್ ಪಿನ್ ₹150. ಉಳಿದದ್ದು ಕೆಲಸದ ನಡುವೆ ಸೇರಿಕೊಂಡಿತು, ಅದರ ಬೆಲೆ ಅಲ್ಲಲ್ಲೇ ಇದೆ.

ಸರ್ವರ್‌ಗೆ ಡೆಬಿಯನ್. ಅದರ ಮೇಲೆ ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಓಡಿಸುವ ಸಾಧನ), ಡಾಕರ್‌ನೊಳಗೆ ಹೋಮ್ ಅಸಿಸ್ಟೆಂಟ್ (ಉಪಕರಣಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವುದು) ಮತ್ತು ಮೊಸ್ಕಿಟೊ (ಅವುಗಳ ನಡುವೆ ಸಂದೇಶ ಹಂಚುವುದು). ಮೊಸ್ಕಿಟೊ ಎದ್ದ ಮೇಲೂ ಯಾವ ಉಪಕರಣವೂ ಅದಕ್ಕೆ ಸೇರಲಿಲ್ಲ, ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. 2.0 ಆವೃತ್ತಿಯಿಂದ ಈಚೆಗೆ ಅದು ಕಾನ್ಫಿಗ್ ಕೊಡದಿದ್ದರೆ ತನ್ನ ಯಂತ್ರದೊಳಗಿನ ಸಂಪರ್ಕವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕಾನ್ಫಿಗ್ ಫೈಲಿನಲ್ಲಿ ‘ಲಿಸನರ್ 1883’ ಎಂಬ ಸಾಲು, ಅನಾಮಧೇಯ ಪ್ರವೇಶ ಬೇಡ ಎಂಬ ಸಾಲು, ಪಾಸ್‌ವರ್ಡ್ ಫೈಲಿನ ಜಾಗ, ಈ ಮೂರು ಇರಲೇಬೇಕು.

ಹಂತ 2: ಪ್ಲಗ್ ಬಿಚ್ಚದೆ ಮಾಡಲು ಹೋದದ್ದು (ಬಿಟ್ಟುಬಿಟ್ಟದ್ದು)

ಮೂಲ ಫರ್ಮ್‌ವೇರ್ (ಒಳಗಿನ ಚಿಪ್‌ನ ಸಾಫ್ಟ್‌ವೇರ್) ಹಾಗೇ ಇರಲಿ, ಪ್ಲಗ್‌ನ ಲೋಕಲ್ ಕೀ (ಅದನ್ನು ಮನೆಯೊಳಗಿಂದಲೇ ಮಾತಾಡಿಸಲು ಬೇಕಾದ ಗುಟ್ಟಿನ ಸಂಕೇತ) ತೆಗೆದು ಹೋಮ್ ಅಸಿಸ್ಟೆಂಟ್‌ಗೆ ಕೊಟ್ಟರಾಯಿತು ಎಂಬುದು ಮೊದಲ ಯೋಚನೆ. ಕೀ ಸಿಕ್ಕಿತು, ಒಂದು ವಾರ ನಡೆಯಿತು. ಆಮೇಲೆ ವೈಫೈ ಪಾಸ್‌ವರ್ಡ್ ಬದಲಿಸಿ ಪ್ಲಗ್ ಮತ್ತೆ ಜೋಡಿಸಿದ ಕೂಡಲೇ ಕೀಯೂ ಬದಲಾಯಿತು. ಹೊಸ ಕೀ ಬೇಕೆಂದರೆ ಮತ್ತೆ ಅದೇ ಕ್ಲೌಡ್ ಖಾತೆ, ಅದೇ ಇಂಟರ್ನೆಟ್. ಸಾಲದ್ದಕ್ಕೆ ಆ್ಯಪ್ ಮತ್ತು ಹೋಮ್ ಅಸಿಸ್ಟೆಂಟ್ ಎರಡೂ ಒಟ್ಟಿಗೆ ಮಾತಾಡಲು ಹೋದರೆ ಒಂದರ ಸಂಪರ್ಕ ಕಡಿಯುತ್ತಿತ್ತು. ಬಾಡಿಗೆ ಮನೆಗೆ ಹೊಸ ಬೀಗ ಹಾಕಿ ಸ್ವಂತದ್ದು ಅಂದುಕೊಂಡ ಹಾಗಾಯಿತು. ಫರ್ಮ್‌ವೇರ್ ಬದಲಿಸುವುದೇ ಸರಿ ಎಂದು ತೀರ್ಮಾನ.

ಹಂತ 3: ನಾಲ್ಕು ಬೇಸಿಕ್ ರಿಲೇಗಳಿಗೆ ಟಾಸ್ಮೋಟ

ಟಾಸ್ಮೋಟ ಎಂದರೆ ಕ್ಲೌಡ್ ಬೇಡದ ಮುಕ್ತ ಫರ್ಮ್‌ವೇರ್. ಇದು ಸುಲಭದ ಭಾಗ. ಒಳಗಿರುವುದು ಇಎಸ್‌ಪಿ8285 ಎಂಬ ವೈಫೈ ಚಿಪ್, 1 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಮೆಮೊರಿ). ಬೋರ್ಡಿನ ಮೇಲೆ ಸಾಲಾಗಿ 3.3 ವೋಲ್ಟ್, ಆರ್‌ಎಕ್ಸ್ (ಕೇಳುವ ಕಾಲು), ಟಿಎಕ್ಸ್ (ಹೇಳುವ ಕಾಲು), ಗ್ರೌಂಡ್ ರಂಧ್ರಗಳಿವೆ. ಅಡಾಪ್ಟರಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಅದರ ಆರ್‌ಎಕ್ಸ್ ಇದರ ಟಿಎಕ್ಸ್‌ಗೆ.

ಮೊದಲ ಎಚ್ಚರಿಕೆ, ಎಲ್ಲಕ್ಕಿಂತ ಮುಖ್ಯ: ಈ ಬೋರ್ಡ್‌ಗಳನ್ನು ಟ್ರಾನ್ಸ್‌ಫಾರ್ಮರ್ ಮೇನ್ಸ್‌ನಿಂದ ಬೇರ್ಪಡಿಸಿದೆ ಎಂದು ನಂಬಬೇಡಿ. 230 ವೋಲ್ಟ್ ಕೊಟ್ಟಾಗ ಗ್ರೌಂಡ್ ಎಂದು ಬರೆದ ಕಾಲಿನಲ್ಲೇ ಫೇಸ್ ಇರಬಹುದು. ಸೀರಿಯಲ್ ವೈರ್ ಜೋಡಿಸಿರುವಾಗ ಮೇನ್ಸ್ ಹತ್ತಿರವೂ ಸುಳಿಯಬಾರದು. ಲ್ಯಾಪ್‌ಟಾಪ್ ಸುಟ್ಟರೆ ದುಡ್ಡಿಗೆ ಸಿಗುತ್ತದೆ, ಕೈ ಸಿಗುವುದಿಲ್ಲ.

ಬಟನ್ ಒತ್ತಿ ಹಿಡಿದು 3.3 ವೋಲ್ಟ್ ಕೊಟ್ಟರೆ ಫ್ಲ್ಯಾಶ್ ಮೋಡ್. ಲ್ಯಾಪ್‌ಟಾಪ್‌ನಲ್ಲಿ ಓಡುವ ಇಎಸ್‌ಪಿ-ಟೂಲ್‌ನಿಂದ ಮೊದಲು 1 ಎಂಬಿ ಪೂರ್ತಿ ಓದಿ ಬ್ಯಾಕಪ್, ಆಮೇಲೆ ಅಳಿಸುವುದು, ಆಮೇಲೆ ‘ಡಿಔಟ್’ ಮೋಡಿನಲ್ಲಿ ಶೂನ್ಯ ವಿಳಾಸಕ್ಕೆ ಟಾಸ್ಮೋಟ ಬರೆಯುವುದು. ಪ್ರತಿ ಹೆಜ್ಜೆಯ ನಡುವೆ ವಿದ್ಯುತ್ ತೆಗೆದು, ಬಟನ್ ಒತ್ತಿ ಮತ್ತೆ ಕೊಡಬೇಕು.

ಮೊದಲ ರಿಲೇ ಅರ್ಧ ಬರೆದು ನಿಂತಿತು. ‘ಟೈಮ್ಡ್ ಔಟ್ ವೇಟಿಂಗ್ ಫಾರ್ ಪ್ಯಾಕೆಟ್ ಹೆಡರ್’ ಎಂಬ ಒಂದೇ ರಾಗ. ವೈರ್ ಬದಲಿಸಿದ್ದಾಯಿತು, ವೇಗ 57,600ಕ್ಕೆ ಇಳಿಸಿದ್ದಾಯಿತು. ತಪ್ಪು ಇದ್ದದ್ದು ವಿದ್ಯುತ್ತಿನಲ್ಲಿ. ಸಿಪಿ2102 ಚಿಪ್ ತನ್ನ 3.3 ವೋಲ್ಟ್ ಕಾಲಿನಿಂದ ಕೊಡಬಲ್ಲದ್ದು 100 ಮಿಲಿಆಂಪಿಯರ್. ಇಎಸ್‌ಪಿ ವೈಫೈ ಕಳಿಸುವಾಗ ಕ್ಷಣಮಾತ್ರಕ್ಕೆ ಅದರ ಮೂರು ಪಟ್ಟು ಎಳೆಯುತ್ತದೆ. 5 ವೋಲ್ಟ್ ಫೋನ್ ಚಾರ್ಜರ್‌ನಿಂದ ಎಎಂಎಸ್1117 ಮೂಲಕ 3.3 ವೋಲ್ಟ್ ಕೊಟ್ಟು, ಗ್ರೌಂಡ್ ಮಾತ್ರ ಅಡಾಪ್ಟರ್‌ಗೆ ಸೇರಿಸಿದ ಮೇಲೆ ನಾಲ್ಕೂ ರಿಲೇ 40 ನಿಮಿಷದಲ್ಲಿ ಮುಗಿದವು. ₹40ರ ಮಾಡ್ಯೂಲ್ ಮೊದಲೇ ಜೋಡಿಸಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಗೋಡೆಗೆ ಹಾಕುವಾಗ ಇನ್ನೊಂದು ಎಡವಟ್ಟು. ಹಳೆಯ ಸ್ವಿಚ್‌ಬೋರ್ಡಿನಲ್ಲಿ ಬರೀ ಫೇಸ್ ಇರುತ್ತದೆ, ನ್ಯೂಟ್ರಲ್ ಇರುವುದಿಲ್ಲ. ರಿಲೇಗೆ ಎರಡೂ ಬೇಕು. ಜಗಲಿ ಬೋರ್ಡಿಗೆ ಪಕ್ಕದ ಸಾಕೆಟ್‌ನಿಂದ ನ್ಯೂಟ್ರಲ್ ಎಳೆದದ್ದೇ ತಡ, ದೀಪ ಹಾಕಿದಾಗಲೆಲ್ಲ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಟ್ರಿಪ್. ಆ ಸಾಕೆಟ್ ಬೇರೆ ಆರ್‌ಸಿಸಿಬಿಯ ಕೆಳಗಿತ್ತು. ಒಂದರ ಫೇಸ್‌ನಿಂದ ಹೋದ ಕರೆಂಟ್ ಇನ್ನೊಂದರ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಎರಡಕ್ಕೂ ಅದು ಲೀಕೇಜ್ ಎಂದೇ ಲೆಕ್ಕ, 30 ಮಿಲಿಆಂಪಿಯರ್ ಸಾಕು ಬೀಳಲು. ದೀಪದ ಹೋಲ್ಡರ್‌ನ ನ್ಯೂಟ್ರಲ್ಲನ್ನೇ ಬೋರ್ಡಿಗೆ ತಂದ ಮೇಲೆ ಸರಿಹೋಯಿತು. ಆರ್‌ಸಿಸಿಬಿ ‘ತುಂಬಾ ಸೂಕ್ಷ್ಮ’ ಅಂತ ಬೈಪಾಸ್ ಮಾಡುವವರಿದ್ದಾರೆ, ಅದು ಮಾತ್ರ ಬೇಡ.

ಹಂತ 4: ಗೀಸರ್ ಪ್ಲಗ್

ಇದರೊಳಗೆ ಇಎಸ್‌ಪಿ ಇಲ್ಲ, ಬೆಕನ್ ಚಿಪ್. ಟಾಸ್ಮೋಟ ಹತ್ತುವುದಿಲ್ಲ, ಅದರಂಥದ್ದೇ ಓಪನ್‌ಬೆಕನ್ ಫರ್ಮ್‌ವೇರ್ ಬೇಕು. ಬಿಚ್ಚದೆ ವೈಫೈ ಮೂಲಕವೇ ಹಾಕುವ ಟುಯಾ-ಕ್ಲೌಡ್‌ಕಟರ್ ಎಂಬ ದಾರಿ ಇದೆ, ಆದರೆ ಹಳೆಯ ಫರ್ಮ್‌ವೇರ್ ಇದ್ದರೆ ಮಾತ್ರ. ಎರಡೂ ಪ್ಲಗ್‌ಗಳಿಗೆ ಕೊಂಡ ದಿನವೇ ಆ್ಯಪ್ ಕೇಳಿದ ಅಪ್‌ಡೇಟ್‌ಗೆಲ್ಲ ‘ಸರಿ’ ಒತ್ತಿ ಆ ಬಾಗಿಲು ಮುಚ್ಚಿಯಾಗಿತ್ತು. ಹೊಸ ಪ್ಲಗ್ ತಂದರೆ ಆ್ಯಪ್‌ಗೆ ಸೇರಿಸುವ ಮುಂಚೆಯೇ ಕ್ಲೌಡ್‌ಕಟರ್ ಪ್ರಯತ್ನಿಸಿ, ಇದೊಂದು ನೆನಪಿರಲಿ.

ಪ್ಲಗ್‌ಗೆ ಸ್ಕ್ರೂ ಇಲ್ಲ, ಕವಚದ ಎರಡು ಹೋಳು ಬೆಸೆದಿವೆ. ಬ್ಲೇಡ್ ತೂರಿಸಿ ಸುತ್ತಿಗೆಯಿಂದ ತಟ್ಟುವುದಕ್ಕಿಂತ ಬೆಂಚ್ ವೈಸ್‌ನಲ್ಲಿ ಅಂಚಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ತಿರುಗಿಸುವುದು ಮೇಲು. ಮೂರನೇ ಸುತ್ತಿಗೆ ‘ಟಕ್’ ಎಂದು ಬಿಟ್ಟುಕೊಂಡಿತು.

ಮಾಡ್ಯೂಲ್ ಮೇಲೆ ಸಿಬಿ2ಎಸ್ ಎಂದು ಬರೆದಿತ್ತು, ಅಂದರೆ ಬಿಕೆ7231ಎನ್. ಡಬ್ಲ್ಯುಬಿ2ಎಸ್ ಅಥವಾ ಡಬ್ಲ್ಯುಬಿ3ಎಸ್ ಎಂದಿದ್ದರೆ ಬಿಕೆ7231ಟಿ. ಎರಡಕ್ಕೂ ಫೈಲ್ ಬೇರೆ, ಬರೆಯುವ ವಿಳಾಸವೂ ಬೇರೆ. ಟಿ ಚಿಪ್‌ನಲ್ಲಿ ಬೂಟ್‌ಲೋಡರ್ (ಚಿಪ್ಪನ್ನು ಎಬ್ಬಿಸುವ ಪ್ರೋಗ್ರಾಂ) ಮೇಲೆ ಬರೆದರೆ ಆ ಪ್ಲಗ್ ಬದುಕಿಸುವುದು ದೊಡ್ಡ ಕೆಲಸ. ಹೆಸರು ಓದದೆ ಕೈ ಹಾಕಬೇಡಿ.

ವಾಷಿಂಗ್ ಮೆಷಿನ್ ಪ್ಲಗ್ ಮೊದಲು ಬಿಚ್ಚಿದ್ದು, ಅದೇ ಹೋಯಿತು. ಬಿಸಿ ನಿಯಂತ್ರಣವಿಲ್ಲದ ಹಳೆಯ ಸಾಲ್ಡರಿಂಗ್ ಐರನ್‌ ಅನ್ನು ಆರ್‌ಎಕ್ಸ್ ಪ್ಯಾಡಿನ ಮೇಲೆ ಹೆಚ್ಚು ಹೊತ್ತು ಹಿಡಿದದ್ದಕ್ಕೆ ಸಾಸಿವೆ ಕಾಳಿನಷ್ಟಿರುವ ಆ ಪ್ಯಾಡ್ ತಾಮ್ರದ ಗೆರೆ ಸಮೇತ ಎದ್ದು ಐರನ್ನಿನ ತುದಿಗೇ ಅಂಟಿಕೊಂಡಿತು. ₹1,100 ನಷ್ಟ. ಎರಡನೆಯದಕ್ಕೆ ಸ್ನೇಹಿತರ ಅಂಗಡಿಯ ಸ್ಟೇಷನ್‌ನಲ್ಲಿ 320 ಡಿಗ್ರಿ, ಫ್ಲಕ್ಸ್ ಹಚ್ಚಿ, ತೆಳು ವೈರ್‌ಗೆ ಮೊದಲೇ ತವರ ಹಿಡಿಸಿ, ಪ್ಯಾಡ್‌ಗೆ ಎರಡು ಸೆಕೆಂಡ್ ಮಾತ್ರ. ವೈರ್‌ಗಳನ್ನು ಬೋರ್ಡಿಗೆ ಟೇಪ್ ಹಾಕಿ ಬಿಗಿದ ಮೇಲೆಯೇ ಮುಂದಿನ ಕೆಲಸ, ಇಲ್ಲವಾದರೆ ಎಳೆತಕ್ಕೆ ಮತ್ತೆ ಪ್ಯಾಡ್ ಏಳುತ್ತದೆ. (ವಾಷಿಂಗ್ ಮೆಷಿನ್ ಈಗ ಸಾದಾ ಸಾಕೆಟ್‌ನಲ್ಲಿದೆ. ಅದಕ್ಕೆ ಸ್ಮಾರ್ಟ್ ಪ್ಲಗ್ ಯಾಕೆ ಬೇಕಿತ್ತು ಎಂದು ಯಾರಿಗೂ ನೆನಪಿಲ್ಲ.)

ಫ್ಲ್ಯಾಶರ್‌ನಲ್ಲಿ (ಫರ್ಮ್‌ವೇರ್ ಓದಿ ಬರೆಯುವ ಪ್ರೋಗ್ರಾಂ) ಚಿಪ್ ಆರಿಸಿ ‘ಓದು’ ಒತ್ತಿ, ಅದು ಕಾಯುತ್ತಿರುವಾಗ 3.3 ವೋಲ್ಟ್ ತೆಗೆದು ಹಾಕಬೇಕು. ಆ ಕ್ಷಣದಲ್ಲಿ ಮಾತ್ರ ಚಿಪ್ ಸೀರಿಯಲ್ ಕಡೆ ಕಿವಿ ಕೊಡುತ್ತದೆ. ಐದಾರು ಸಲ ತಪ್ಪುವುದು ಸಹಜ. 2 ಎಂಬಿ ಪೂರ್ತಿ ಬ್ಯಾಕಪ್ ತೆಗೆಯಲೇಬೇಕು, ಕಾರಣ ಎರಡು. ಮೂಲ ಕಂಪನಿ ಯಾವ ಕಾಲಿಗೆ ಏನು ಜೋಡಿಸಿದೆ ಎಂಬ ಪಟ್ಟಿ ಅದರೊಳಗೇ ಇರುತ್ತದೆ, ಫ್ಲ್ಯಾಶರ್ ಅದನ್ನು ಬಿಡಿಸಿ ತೋರಿಸುತ್ತದೆ: ಈ ಪ್ಲಗ್‌ನಲ್ಲಿ ರಿಲೇ ಪಿ26, ಬಟನ್ ಪಿ10, ಅಳತೆ ಚಿಪ್ ಬಿಎಲ್0937ರ ಮೂರು ಕಾಲು ಪಿ7, ಪಿ8, ಪಿ24. ಬೇರೆ ಮಾದರಿಯಲ್ಲಿ ಬೇರೆ. ಎರಡನೇ ಕಾರಣ, ರೇಡಿಯೊ ಕ್ಯಾಲಿಬ್ರೇಶನ್ ಕೂಡ ಅದೇ ಫ್ಲ್ಯಾಶ್‌ನಲ್ಲಿದೆ. ಅಳಿಸಿ ಹೋದರೆ ವೈಫೈ ದುರ್ಬಲವಾಗುತ್ತದೆ, ಮ್ಯಾಕ್ ವಿಳಾಸವೂ ಕೆಡುತ್ತದೆ.

ಇನ್ನು ಅಳತೆ. ಬಿಎಲ್0937ಕ್ಕೆ ನಿಜವಾದ ವೋಲ್ಟೇಜ್, ಕರೆಂಟ್, ವಾಟ್ ಎಷ್ಟೆಂದು ನಾವೇ ಒಮ್ಮೆ ಹೇಳಿಕೊಡಬೇಕು. ಗೀಸರ್ ಮೇಲೆ 2000 ವಾಟ್ ಎಂದು ಬರೆದಿದೆ ಅಂತ ‘ಪವರ್‌ಸೆಟ್ 2000’ ಕೊಟ್ಟಾಯಿತು. ಎರಡು ವಾರದ ನಂತರ ಮೀಟರ್ ಬೋರ್ಡಿನ ಯೂನಿಟ್ಟಿಗೂ ಇದಕ್ಕೂ ತಾಳೆಯಾಗಲಿಲ್ಲ, ಪ್ಲಗ್ ನೂರಕ್ಕೆ ಸುಮಾರು ಹನ್ನೊಂದರಷ್ಟು ಜಾಸ್ತಿ ತೋರಿಸುತ್ತಿತ್ತು. ಆ 2000 ವಾಟ್ 230 ವೋಲ್ಟ್‌ಗೆ ಹೇಳಿದ್ದು. ಆ ಹೊತ್ತಿನಲ್ಲಿ ಮನೆಗೆ ಬರುತ್ತಿದ್ದುದು 218 ವೋಲ್ಟ್. ಕಾಯಿಲ್‌ನ ವಾಟ್ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ: 2000ವನ್ನು 218ರ ವರ್ಗದಿಂದ ಗುಣಿಸಿ 230ರ ವರ್ಗದಿಂದ ಭಾಗಿಸಿದರೆ 1797. ಮಲ್ಟಿಮೀಟರ್ ಮತ್ತು ಕ್ಲ್ಯಾಂಪ್ ಮೀಟರ್ ಹಿಡಿದು 218 ವೋಲ್ಟ್, 8.24 ಆಂಪಿಯರ್, 1797 ವಾಟ್ ಎಂದು ಮೂರನ್ನೂ ಕೊಟ್ಟ ಮೇಲೆ ಲೆಕ್ಕ ಸರಿಬಂತು. ಕ್ಯಾಲಿಬ್ರೇಶನ್‌ಗೆ ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಬರೀ ಕಾಯಿಲ್ ಇರುವ ವಸ್ತುವೇ ಬೇಕು. ಎಲ್‌ಇಡಿ ಬಲ್ಬಿನಲ್ಲಿ ವೋಲ್ಟ್ ಗುಣಿಸು ಆಂಪಿಯರ್ ಎಂದರೆ ವಾಟ್ ಬರುವುದಿಲ್ಲ.

ಕವಚವನ್ನು ಎಪಾಕ್ಸಿ ಹಾಕಿ 24 ಗಂಟೆ ಕ್ಲ್ಯಾಂಪ್‌ನಲ್ಲಿ ಇಟ್ಟದ್ದು. ಒಮ್ಮೆ ಬಿಚ್ಚಿ ಅಂಟಿಸಿದ ಪ್ಲಗ್‌ನಲ್ಲಿ 3000 ವಾಟ್ ಗೀಸರ್ ಗಂಟೆಗಟ್ಟಲೆ ಓಡಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಇಲ್ಲಿ 20 ನಿಮಿಷದ ಮಿತಿ ಇದೆ, ಮೊದಲ ವಾರ ದಿನಾ ಪ್ಲಗ್ ಮುಟ್ಟಿ ಬಿಸಿ ನೋಡಿದ್ದಾಗಿದೆ.

ಹಂತ 5: ನೆಟ್‌ವರ್ಕ್

ಫರ್ಮ್‌ವೇರ್ ಬದಲಾದ ಮೇಲೂ ಈ ವಸ್ತುಗಳಿಗೆ ಹೊರಗಿನ ದಾರಿ ಬೇಕಿಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಬೇರೆ ವೈಫೈ ಹೆಸರು, 2.4 ಗಿಗಾಹರ್ಟ್ಸ್ ಮಾತ್ರ, 192.168.20 ಸರಣಿಯ ವಿಳಾಸ, ಬೇರೆ ಫೈರ್‌ವಾಲ್ ವಲಯ. ಈ ವಲಯದಿಂದ ಇಂಟರ್ನೆಟ್‌ಗೆ ದಾರಿ ಇಲ್ಲ, ಮನೆಯ ನೆಟ್‌ವರ್ಕಿಗೆ ಒಂದೇ ಒಂದು ಕಿಂಡಿ: ಸರ್ವರ್‌ನಲ್ಲಿ ಮೊಸ್ಕಿಟೊ ಕೇಳುವ 1883ನೇ ಪೋರ್ಟ್.

ಈ ವಲಯದಿಂದ ರೂಟರ್‌ಗೇ ಬರುವುದನ್ನು ತಡೆಯುವ ‘ಇನ್‌ಪುಟ್ ರಿಜೆಕ್ಟ್’ ಹಾಕಿದ ಕೂಡಲೇ ಎಲ್ಲವೂ ಒಟ್ಟಿಗೆ ಮಾಯವಾದವು. ವಿಳಾಸ ಕೊಡುವ ಡಿಎಚ್‌ಸಿಪಿ ರೂಟರ್‌ನಲ್ಲೇ ಇರುವುದು, ಅದರ 67ನೇ ಪೋರ್ಟನ್ನೂ ಮುಚ್ಚಿಬಿಟ್ಟಿದ್ದಾಗಿತ್ತು. ಯುಡಿಪಿ 67 ತೆರೆದ ಮೇಲೆ ವಾಪಸ್.

ಮರುದಿನ ಬೆಳಿಗ್ಗೆ ಜಗಲಿ ದೀಪ ಆರಲೇ ಇಲ್ಲ. ಇಂಟರ್ನೆಟ್ ಮುಚ್ಚಿದ್ದರಿಂದ ರಿಲೇಗಳಿಗೆ ಗಂಟೆ ಎಷ್ಟೆಂದೇ ಗೊತ್ತಿಲ್ಲ, ಟೈಮರ್ ಏನು ಮಾಡೀತು? ರೂಟರ್ ಅನ್ನೇ ಸಮಯ ಕೊಡುವಂತೆ ಮಾಡಿದ್ದು ಎರಡು ದಿನ ನಡೆಯಿತು. ಕರೆಂಟ್ ಹೋಗಿ ಬಂದಾಗ ಫೈಬರ್ ಇಲ್ಲದಿದ್ದರೆ ರೂಟರ್‌ಗೂ ಸಮಯ ಗೊತ್ತಿರುವುದಿಲ್ಲ, ಅದರೊಳಗೆ ಗಡಿಯಾರದ ಬ್ಯಾಟರಿ ಇಲ್ಲ. ಥಿನ್ ಕ್ಲೈಂಟ್‌ನಲ್ಲಿ ಇದೆ. ಅದರಲ್ಲಿ ಕ್ರೋನಿ (ಸಮಯ ಹಂಚುವ ಪ್ರೋಗ್ರಾಂ) ಹಾಕಿ, 20ರ ಸರಣಿಗೆ ಅನುಮತಿ ಕೊಟ್ಟು, ಇಂಟರ್ನೆಟ್ ಇಲ್ಲದಾಗಲೂ ತನ್ನದೇ ಗಡಿಯಾರದ ಸಮಯ ಕೊಡಲಿ ಎಂದು ‘ಲೋಕಲ್ ಸ್ಟ್ರಾಟಮ್ 10’ ಸಾಲು ಸೇರಿಸಿ, ಯುಡಿಪಿ 123ಕ್ಕೆ ಇನ್ನೊಂದು ಕಿಂಡಿ ಬಿಟ್ಟದ್ದು. ಟಾಸ್ಮೋಟದಲ್ಲಿ ‘ಎನ್‌ಟಿಪಿ‌ಸರ್ವರ್1’ಕ್ಕೆ ಸರ್ವರ್ ವಿಳಾಸ, ‘ಟೈಮ್‌ಝೋನ್ +05:30’. ಎರಡನೆಯದನ್ನು ಮರೆತರೆ ರಿಲೇ ಯುರೋಪಿನ ಗಂಟೆಯಲ್ಲೇ ಇರುತ್ತದೆ. ಸಂಜೆ ಆರೂವರೆಗೆ ಇಟ್ಟ ಅಂಗಳದ ದೀಪ ಮನೆಯವರೆಲ್ಲ ಮಲಗಿದ ಮೇಲೆ ಹತ್ತಿತು.

ಹಂತ 6: ಸಂಪ್ ಮೋಟರ್

1 ಎಚ್‌ಪಿ ಮೋನೋಬ್ಲಾಕ್, ಸಂಪ್‌ನಿಂದ 1000 ಲೀಟರ್ ಮೇಲಿನ ತೊಟ್ಟಿಗೆ. ತುಂಬಲು ಅಳೆದ ಸಮಯ 22 ನಿಮಿಷ. ಓಡುವಾಗ ಕ್ಲ್ಯಾಂಪ್ ಮೀಟರ್ ತೋರಿಸಿದ್ದು 6 ಆಂಪಿಯರ್ ಚಿಲ್ಲರೆ. ರಿಲೇ 10 ಆಂಪಿಯರ್‌ದು, ಧಾರಾಳ ಸಾಕು ಎಂಬ ಲೆಕ್ಕದಲ್ಲಿ ನೇರ ಅದರ ಮೇಲೇ ಓಡುತ್ತಿತ್ತು.

ಹನ್ನೊಂದನೇ ದಿನ ಆಫ್ ಒತ್ತಿದರೂ ಮೋಟರ್ ನಿಲ್ಲಲಿಲ್ಲ. ಆ್ಯಪ್‌ನಲ್ಲಿ ಆಫ್, ರಿಲೇ ಮೇಲಿನ ದೀಪವೂ ಆಫ್, ತೊಟ್ಟಿಯಿಂದ ನೀರು ಮಾತ್ರ ಸುರಿಯುತ್ತಲೇ ಇದೆ. ಎಂಸಿಬಿ ಇಳಿಸಿ ರಿಲೇ ಬಿಚ್ಚಿ ನೋಡಿದರೆ ಒಳಗಿನ ಎರಡು ಕಾಂಟ್ಯಾಕ್ಟ್ ಬೆಸೆದುಕೊಂಡು ಒಂದೇ ಚುಕ್ಕೆಯಾಗಿದ್ದವು. ಮೋಟರ್ ಶುರುವಾಗುವ ಕ್ಷಣಕ್ಕೆ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಇಲ್ಲಿ 30 ಆಂಪಿಯರ್ ಮೀರಿ. ಬಲ್ಬ್, ಕಾಯಿಲ್ ಲೆಕ್ಕದ 10 ಆಂಪಿಯರ್ ರಿಲೇಗೆ ದಿನಾ ಅದು ಬೆಸುಗೆ ಹಾಕಿದ ಹಾಗೆ. ತಪ್ಪು ಪೂರ್ತಿ ನಮ್ಮದೇ. ನಷ್ಟ ₹550.

ಈಗಿನ ವ್ಯವಸ್ಥೆ: ಮೋಟರ್ ಕರೆಂಟ್ ಎಲ್ಲ 9 ಆಂಪಿಯರ್ ಎಸಿ-3 ದರ್ಜೆಯ ಕಾಂಟ್ಯಾಕ್ಟರ್ (ಮೋಟರ್‌ಗೆಂದೇ ಇರುವ ದೊಡ್ಡ ರಿಲೇ, ₹1,150) ಮೂಲಕ, 230 ವೋಲ್ಟ್ ಕಾಯಿಲ್. ಹೊಸ ಬೇಸಿಕ್ ರಿಲೇ ತರಲಿಲ್ಲ, ಕೊಟ್ಟಿಗೆ ದೀಪದ್ದನ್ನು ಇಲ್ಲಿಗೆ ಹಾಕಿ ಕೊಟ್ಟಿಗೆಗೆ ಸಾದಾ ಸ್ವಿಚ್ ವಾಪಸ್ ಕೊಟ್ಟದ್ದು. ಆ ರಿಲೇ ಈಗ ಕಾಂಟ್ಯಾಕ್ಟರ್‌ನ ಕಾಯಿಲ್‌ ಒಂದನ್ನೇ ಹಿಡಿದುಕೊಳ್ಳುತ್ತದೆ. ಹಳೆಯ ಎಂಸಿಬಿ ಹಾಗೇ ಇದೆ.

ಜೋಡಿಸಿದ ದಿನವೇ ಇನ್ನೊಂದು ತೊಂದರೆ. ಕಾಂಟ್ಯಾಕ್ಟರ್ ಬಿಟ್ಟಾಗಲೆಲ್ಲ ರಿಲೇಯೊಳಗಿನ ಚಿಪ್ ರೀಬೂಟ್. ಕಾಯಿಲ್ ಬಿಡುವಾಗ ಹುಟ್ಟುವ ವೋಲ್ಟೇಜ್ ಚಿಮ್ಮಿಕೆ ಅದು. ಕಾಯಿಲ್‌ನ ಎ1, ಎ2 ತುದಿಗಳ ನಡುವೆ 0.1 ಮೈಕ್ರೊಫ್ಯಾರಡ್ ಎಕ್ಸ್2 ಕೆಪಾಸಿಟರ್ ಮತ್ತು 100 ಓಮ್ ಸರಣಿಯಲ್ಲಿರುವ ಸ್ನಬ್ಬರ್ (₹60) ಹಾಕಿದ ಮೇಲೆ ನಿಂತಿತು.

ಫ್ಲೋಟ್ ಸ್ವಿಚ್ ಎರಡು (₹700): ತೊಟ್ಟಿ ತುಂಬಿದರೆ ಕಡಿಯುವುದು ಒಂದು, ಸಂಪ್ ಬರಿದಾದರೆ ಕಡಿಯುವುದು ಇನ್ನೊಂದು. ಮೊದಲು ಇವೆರಡನ್ನೂ 230 ವೋಲ್ಟ್ ಕಾಯಿಲ್ ವೈರಿನಲ್ಲೇ ಸರಣಿಯಾಗಿ ಹಾಕಿದ್ದಾಗಿತ್ತು. ಫ್ಲೋಟ್ ಮೇಲೆ 250 ವೋಲ್ಟ್ ಎಂದೇ ಬರೆದಿರುತ್ತದೆ, ಆದರೆ ಕುಡಿಯುವ ನೀರಿನಲ್ಲಿ ವರ್ಷಗಟ್ಟಲೆ ಮುಳುಗಿರುವ ಕೇಬಲ್‌ನಲ್ಲಿ ಮೇನ್ಸ್ ಬಿಡುವುದು ಮನಸ್ಸಿಗೆ ಒಪ್ಪಲಿಲ್ಲ. ಬಿಚ್ಚಿ, 12 ವೋಲ್ಟ್ ಅಡಾಪ್ಟರ್ (₹180) ಮತ್ತು ಎರಡು ಜೋಡಿ ಕಾಂಟ್ಯಾಕ್ಟ್ ಇರುವ 12 ವೋಲ್ಟ್ ರಿಲೇ (₹120) ಹಾಕಿದ್ದು. ಫ್ಲೋಟ್‌ಗಳಲ್ಲಿ ಈಗ 12 ವೋಲ್ಟ್ ಮಾತ್ರ. ರಿಲೇಯ ಒಂದು ಜೋಡಿ ಕಾಂಟ್ಯಾಕ್ಟ್ ಕಾಯಿಲ್ ದಾರಿಯಲ್ಲಿ, ಇನ್ನೊಂದು ಜೋಡಿ ಇಎಸ್‌ಪಿ32 ಬೋರ್ಡಿಗೆ (₹420), ಇಎಸ್‌ಪಿಹೋಮ್ (ಆ ಬೋರ್ಡಿನ ಫರ್ಮ್‌ವೇರ್) ಮೂಲಕ ‘ನೀರು ಸರಿ ಇದೆ / ಇಲ್ಲ’ ಎಂದು ಫೋನಿಗೆ ತೋರಿಸಲು. ಫ್ಲೋಟ್‌ನ ಮೂರು ವೈರಿನ ಬಣ್ಣ ನಂಬಬೇಡಿ. ಬಣ್ಣ ನೋಡಿ ಹಾಕಿದ್ದಕ್ಕೆ ತೊಟ್ಟಿ ತುಂಬಿದಾಗ ಮಾತ್ರ ಓಡುವ ಮೋಟರ್ ಸಿಕ್ಕಿತ್ತು. ಫ್ಲೋಟ್ ಕೈಯಲ್ಲಿ ಎತ್ತಿ ಇಳಿಸಿ ಮಲ್ಟಿಮೀಟರಿನ ಬೀಪ್ ಕೇಳಿಯೇ ಜೋಡಿಸಬೇಕು.

ಆಟೊ-ಮ್ಯಾನುಯಲ್ ಸೆಲೆಕ್ಟರ್ ಸ್ವಿಚ್ ₹140. ಮ್ಯಾನುಯಲ್‌ನಲ್ಲಿಯೂ ಫ್ಲೋಟ್ ಇರಬೇಕೇ ಎಂಬುದರ ಬಗ್ಗೆ ಎರಡು ಮಾತಿದೆ. ಇಲ್ಲಿ ಬೇಡ ಎಂದೇ ಬಿಟ್ಟದ್ದು. 12 ವೋಲ್ಟ್ ಅಡಾಪ್ಟರ್ ಸತ್ತ ದಿನ ಮನೆಗೆ ನೀರು ನಿಲ್ಲಬಾರದು. ಮ್ಯಾನುಯಲ್‌ಗೆ ತಿರುಗಿಸಿದವರು ತೊಟ್ಟಿ ಕಡೆ ಕಣ್ಣಿಡಬೇಕು.

ಕೊನೆಯದಾಗಿ, ಏನೇ ಆದರೂ 25 ನಿಮಿಷಕ್ಕೆ ನಿಲ್ಲಲಿ ಎಂದು ಟಾಸ್ಮೋಟದ ಪಲ್ಸ್‌ಟೈಮ್ (ಇಷ್ಟು ಹೊತ್ತಿನ ಮೇಲೆ ತಾನೇ ಆಫ್ ಆಗುವ ಸೆಟ್ಟಿಂಗ್). ‘ಪಲ್ಸ್‌ಟೈಮ್ 25’ ಕೊಟ್ಟರೆ ಮೋಟರ್ ಎರಡೂವರೆ ಸೆಕೆಂಡಿಗೆ ನಿಂತಿತು. 111ರವರೆಗಿನ ಅಂಕಿ ಸೆಕೆಂಡಿನ ಹತ್ತನೇ ಒಂದು ಭಾಗ. 112ರಿಂದ ಮೇಲೆ, ಕೊಟ್ಟ ಅಂಕಿಯಿಂದ 100 ಕಳೆದರೆ ಸೆಕೆಂಡ್. 1500 ಕೊಟ್ಟಾಗ 23 ನಿಮಿಷ 20 ಸೆಕೆಂಡ್ ಬಂತು. ಸರಿಯಾದ ಅಂಕಿ 1600.

ಹಂತ 7: ತಾನೇ ಓಡತೊಡಗುವ ಮೋಟರ್

ಕರೆಂಟ್ ಹೋಗಿ ಬಂದಾಗ ಮೋಟರ್ ತಾನಾಗಿ ಓಡಬಾರದೆಂದು ‘ಪವರ್‌ಆನ್‌ಸ್ಟೇಟ್ 0’ ಮೊದಲೇ ಕೊಟ್ಟಿತ್ತು. ಆದರೂ ಕರೆಂಟ್ ಬಂದು ಅರ್ಧ ನಿಮಿಷದೊಳಗೆ ಮೋಟರ್ ಗುಂಯ್ ಎನ್ನುತ್ತಿತ್ತು. ಪ್ರತಿ ಸಲವಲ್ಲ, ಹಿಂದಿನ ಸಲ ಫೋನಿನಿಂದ ಆನ್ ಮಾಡಿ, ಆಫ್ ಆದದ್ದು ಫ್ಲೋಟ್‌ನಿಂದಲೋ ಪಲ್ಸ್‌ಟೈಮ್‌ನಿಂದಲೋ ಆಗಿದ್ದರೆ ಮಾತ್ರ. ಈ ಮಾದರಿ ಕಾಣಿಸಲು ಐದು ದಿನ ಹಿಡಿಯಿತು.

ರಿಲೇಯ ಸೀರಿಯಲ್ ಲಾಗ್, ಸ್ನಬ್ಬರ್, ಬಟನ್ ಎಲ್ಲ ನೋಡಿ ಆದ ಮೇಲೆ ಸರ್ವರ್‌ನಲ್ಲಿ ಎಂಕ್ಯೂಟಿಟಿಗೆ (ಮೊಸ್ಕಿಟೊ ಸಂದೇಶ ಹಂಚುವ ವಿಧಾನ) ಹೊಸದಾಗಿ ಸೇರಿ ಎಲ್ಲ ಕಮ್ಯಾಂಡ್ ಟಾಪಿಕ್ (ಆಜ್ಞೆಗಳು ಬರುವ ವಿಳಾಸ) ಕೇಳಿಸಿಕೊಂಡದ್ದು. ಯಾರೂ ಏನೂ ಒತ್ತಿಲ್ಲ, ಸೇರಿದ ಮರುಕ್ಷಣವೇ ‘ಮೋಟರ್ ಪವರ್ ಆನ್’ ಎಂಬ ಸಾಲು ಬಿತ್ತು. ಕೈಯಾರೆ ಬರೆದ ಹೋಮ್ ಅಸಿಸ್ಟೆಂಟ್ ಕಾನ್ಫಿಗ್‌ನಲ್ಲಿ ‘ರಿಟೈನ್: ಟ್ರೂ’ ಎಂದು ಬಿಟ್ಟಿತ್ತು. ಮೊಸ್ಕಿಟೊ ಕೊನೆಯ ಆಜ್ಞೆಯನ್ನು ಜೋಪಾನ ಮಾಡಿಟ್ಟು, ರಿಲೇ ಎದ್ದು ಸೇರಿದಾಗಲೆಲ್ಲ ಅದನ್ನೇ ಕೈಗೆ ಕೊಡುತ್ತಿತ್ತು. ಆಜ್ಞೆಗೆ ರಿಟೈನ್ ಯಾವತ್ತೂ ಬೇಡ, ಸ್ಥಿತಿ ತಿಳಿಸುವ ಸಂದೇಶಕ್ಕೆ ಇರಲಿ. ಆ ಸಾಲು ತೆಗೆದರಷ್ಟೇ ಸಾಲದು, ಕೂಡಿಟ್ಟ ಹಳೆಯ ಸಂದೇಶ ಅಲ್ಲೇ ಇರುತ್ತದೆ. ಅದೇ ಟಾಪಿಕ್‌ಗೆ ರಿಟೈನ್ ಹಾಕಿ ಖಾಲಿ ಸಂದೇಶ ಒಂದನ್ನು ಕಳಿಸಿದರೆ ಅಳಿಸುತ್ತದೆ.

ಜುಲೈ ಎರಡನೇ ವಾರ ಇನ್ನೊಂದು ವಿಚಿತ್ರ. ಗಾಳಿಮಳೆಗೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಆಡಿದ ರಾತ್ರಿಯ ನಂತರ ಮೂರೂ ರಿಲೇ ಎಲ್ಲ ಸೆಟ್ಟಿಂಗ್ ಕಳೆದುಕೊಂಡು ಹೊಸ ರಿಲೇಯ ಹಾಗೆ ತಮ್ಮದೇ ವೈಫೈ ಬಿಟ್ಟುಕೊಂಡು ಕೂತಿದ್ದವು. ಟಾಸ್ಮೋಟದಲ್ಲಿ ಒಂದು ಅನುಕೂಲವಿದೆ: ಹತ್ತು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಏಳು ಸಲ ವಿದ್ಯುತ್ ಕೊಟ್ಟರೆ ಫ್ಯಾಕ್ಟರಿ ರೀಸೆಟ್. ಪಾಸ್‌ವರ್ಡ್ ಮರೆತವರಿಗಾಗಿ ಮಾಡಿದ್ದು, ಮಲೆನಾಡಿನ ಲೈನಿಗಾಗಿ ಅಲ್ಲ. ‘ಸೆಟ್‌ಆಪ್ಷನ್65 1’ ಕೊಟ್ಟು ಅದನ್ನು ಮುಚ್ಚಿ, ಪ್ರತಿ ರಿಲೇಯ ಸೆಟ್ಟಿಂಗ್ ಬ್ಯಾಕಪ್ ಫೈಲನ್ನು ಸರ್ವರ್‌ಗೂ ಒಂದು ಪೆನ್ ಡ್ರೈವ್‌ಗೂ ಹಾಕಿದ್ದು. ಮುಚ್ಚಿದ ಮೇಲೆ ಪಾಸ್‌ವರ್ಡ್ ಮರೆತರೆ ಮತ್ತೆ ಸೀರಿಯಲ್ ವೈರೇ ಗತಿ, ಆದ್ದರಿಂದ ಅದನ್ನು ಬರೆದಿಡಿ.

ಹಂತ 8: ಪರೀಕ್ಷೆ, ಬಾಕಿ

ಇಂಟರ್ನೆಟ್ ಕೇಬಲ್ ಕಿತ್ತು 48 ಗಂಟೆ: ಎಲ್ಲ ನಡೆಯಿತು.

ಸರ್ವರ್ ಆಫ್, 6 ಗಂಟೆ: ದೀಪದ ಟೈಮರ್ ನಡೆದವು, ಗೀಸರ್ ಬಟನ್ ನಡೆಯಿತು. ಇಎಸ್‌ಪಿ32 ಮಾತ್ರ ಕಾಲು ಗಂಟೆಗೊಮ್ಮೆ ರೀಬೂಟ್ ಆಗುತ್ತಿತ್ತು. ಇಎಸ್‌ಪಿಹೋಮ್‌ನಲ್ಲಿ 15 ನಿಮಿಷ ಯಾರೂ ಮಾತಾಡಿಸದಿದ್ದರೆ ತಾನೇ ರೀಬೂಟ್ ಆಗುವುದು ಮೊದಲಿನಿಂದ ಇರುವ ಸೆಟ್ಟಿಂಗ್. ಎಪಿಐ ಮತ್ತು ವೈಫೈ ಎರಡರಲ್ಲೂ ‘ರೀಬೂಟ್ ಟೈಮ್‌ಔಟ್’ ಸೊನ್ನೆ ಮಾಡಿದ್ದು. ಈ ಬೋರ್ಡ್ ಬರೀ ತೋರಿಸುವುದಕ್ಕೆ ಇರುವುದರಿಂದ ನಷ್ಟವಿರಲಿಲ್ಲ, ಇದೇ ಬೋರ್ಡ್ ಮೋಟರ್ ಹಿಡಿದಿದ್ದರೆ ತೊಟ್ಟಿ ಒಂದೇ ಸಲಕ್ಕೆ ತುಂಬುತ್ತಿರಲಿಲ್ಲ.

ವೈಫೈ ಆಫ್: ಮೋಟರ್ ಮ್ಯಾನುಯಲ್‌ನಲ್ಲಿ ಓಡಿತು. ಜಗಲಿ ಮತ್ತು ಅಂಗಳದ ದೀಪ ಇಲ್ಲಿ ಫೇಲ್. ರಿಲೇ ಬೋರ್ಡಿನೊಳಗೆ ಹುದುಗಿದೆ, ಅದರ ಬಟನ್ ಕೈಗೆ ಸಿಗದು, ಗೋಡೆಯ ಸ್ವಿಚ್ ಅದರ ಇನ್‌ಪುಟ್ ಫೇಸ್ ಕಡಿಯುತ್ತದೆ ಅಷ್ಟೆ. ಸದ್ಯಕ್ಕೆ ‘ಪವರ್‌ಆನ್‌ಸ್ಟೇಟ್ 1’ ಕೊಟ್ಟದ್ದು: ಸ್ವಿಚ್ ಆರಿಸಿ ಹಾಕಿದರೆ ದೀಪ ಹತ್ತುತ್ತದೆ. ಇದು ತೇಪೆ. ಗೋಡೆ ಸ್ವಿಚ್‌ಗೆಂದೇ ಬೇರೆ ಎರಡು ಟರ್ಮಿನಲ್ ಇರುವ ಚಿಕ್ಕ ಮಾದರಿಯ ರಿಲೇ ಎರಡು ಬರಬೇಕು, ದೀಪಾವಳಿಯೊಳಗೆ ಬದಲಾವಣೆ.

ಖರ್ಚು: ಸಾಮಾನು ₹11,040. ಕೆಡಿಸಿದ್ದು ₹1,650. ಒಟ್ಟು ₹12,690, ಅರ್ಧಕ್ಕಿಂತ ಹೆಚ್ಚು ಸರ್ವರ್‌ನದೇ. ಬರೀ ಟಾಸ್ಮೋಟದ ಟೈಮರ್ ಸಾಕೆನ್ನುವವರಿಗೆ ಸರ್ವರ್ ಬೇಡವೇ ಬೇಡ. ರಿಲೇಯ ವೆಬ್ ಪುಟ ಫೋನಿನಲ್ಲಿ ನೇರ ತೆರೆಯುತ್ತದೆ.

ಮೀಟರ್ ಬೋರ್ಡಿನ ಬಾಗಿಲ ಒಳಗೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಅಂಟಿಸಿದೆ: ಕಾಂಟ್ಯಾಕ್ಟರ್ ವೈರಿಂಗ್ ಚಿತ್ರ, ಯಾವ ರಿಲೇ ಯಾವ ವಿಳಾಸ, ಬ್ಯಾಕಪ್ ಪೆನ್ ಡ್ರೈವ್ ಎಲ್ಲಿದೆ, ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ‘ನೀರು ಬರದಿದ್ದರೆ ಈ ಸ್ವಿಚ್ ಎಡಕ್ಕೆ ತಿರುಗಿಸಿ’. ಊರಿನ ಎಲೆಕ್ಟ್ರಿಷಿಯನ್‌ಗೆ ಹಾಳೆ ಕೊಟ್ಟು, ಏನೂ ಹೇಳದೆ, ಮೋಟರ್ ಓಡಿಸಲು ಕೇಳಿದ್ದಾಯಿತು. ಎರಡು ನಿಮಿಷ ಹಿಡಿಯಿತು. ‘ಎಡಕ್ಕೆ’ ಅಂದರೆ ಯಾರ ಎಡಕ್ಕೆ ಎಂದು ಒಮ್ಮೆ ಕೇಳಿದರು, ಅಲ್ಲಿ ಈಗ ಬಾಣದ ಗುರುತು ಬಂದಿದೆ.

ಬಾಗಿಲ ಕ್ಯಾಮೆರಾ ಉಳಿಯಿತು. ಅದು ಆರ್‌ಟಿಎಸ್‌ಪಿ (ಮನೆಯೊಳಗೇ ನೇರ ವಿಡಿಯೊ ಪಡೆಯುವ ವಿಧಾನ) ಕೊಡುವುದಿಲ್ಲ, ಚಿತ್ರವೆಲ್ಲ ಕಂಪನಿಯ ಸರ್ವರ್ ಸುತ್ತಿಕೊಂಡೇ ಬರಬೇಕು. ಮೊದಲ ಪರೀಕ್ಷೆಯಲ್ಲೇ ಫೇಲ್. ಬಿಚ್ಚಿ ಡ್ರಾಯರ್‌ನಲ್ಲಿ ಇಟ್ಟಿದೆ, ಬಾಗಿಲಿಗೆ ಹಳೆಯ ಗಂಟೆಯೇ ವಾಪಸ್ ಬಂದಿದೆ.